ಒಲೆಯ ಹಿಂದಿನ ತೂತು

ತಾಷ್-ಕೊರೊ
ಸೆಪ್ಟೆಂಬರ್ 28, 2003

ಮಗನೇ ಮಿರ್ಲಾನ್,

ನಿನ್ನನ್ನು ಬೆಟ್ಟಕ್ಕೆ ಹತ್ತಿಸಿಕೊಂಡು ಹೋದ ಲಾರಿಯ ಧೂಳು ಇನ್ನೂ ಅಡಗಿರಲಿಲ್ಲ, ನಿನ್ನ ಹೆಂಡತಿ ಗೋಡೆಗೆ ಕೈ ಹಾಕಿದಳು. ನೀನು ಮೇಲೆ ಹವಾಮಾನ ಠಾಣೆಯಲ್ಲಿ ಕೂತು ಹಿಮದ ಆಳ ಅಳೆಯುತ್ತಿರು. ಇಲ್ಲಿ ನಿನ್ನ ಮನೆಯನ್ನೇ ಅಳೆಯುತ್ತಿದ್ದಾರೆ.

ಷಾರ್ಷೆನ್ ಮೇಸ್ತ್ರಿ ಬಂದು ಒಂದೊಂದು ಕೋಣೆಯ ಉದ್ದ, ಅಗಲ, ಎತ್ತರ ಅಳೆದು ಬರೆದುಕೊಂಡ. "ಏನಪ್ಪಾ, ಮನೆ ಮಾರಾಟಕ್ಕಿದೆಯಾ?" ಅಂತ ಕೇಳಿದೆ. ಅವನು ನಕ್ಕು ಜಿಪಾರ್ ಕಡೆ ನೋಡಿದ. ಅವಳು ಚಹಾಕ್ಕೆ ಉಪ್ಪು ಹಾಕುತ್ತ ತಲೆ ತಗ್ಗಿಸಿದಳು. ಮನೆ ಅಳೆಯುವವರು ಮಾರುವುದಕ್ಕೆ ಅಳೆಯುತ್ತಾರೆ, ಇಲ್ಲವೇ ಪಾಲು ಮಾಡುವುದಕ್ಕೆ ಅಳೆಯುತ್ತಾರೆ. ನನಗೆ ಮೂರನೆಯ ಕಾರಣ ಗೊತ್ತಿಲ್ಲ.

ಈಗ ಗೋಡೆಗೆಲ್ಲ ಒಳಗಿನಿಂದ ಮರದ ಪಟ್ಟಿ ಹೊಡೆದು, ಅದರ ನಡುವೆ ಉಣ್ಣೆ ತುಂಬಿ, ಮೇಲೆ ಜೊಂಡಿನ ಚಾಪೆ ಕಟ್ಟಿ ಮಣ್ಣು ಮೆತ್ತುತ್ತಾರಂತೆ. ಅಟ್ಟದ ಮೇಲೆ ಮರದ ಹೊಟ್ಟು ಹರಡುತ್ತಾರಂತೆ. ಕಿಟಕಿಗೆ ಎರಡು ಪದರ ಗಾಜು. ಬಾಗಿಲ ಸಂದಿಗೆಲ್ಲ ಉಣ್ಣೆ ಒತ್ತಿ ಮಾಡಿದ ನಮದೆಯ ಪಟ್ಟಿ. ಊರಿನಲ್ಲಿ ಯಾರೂ ಕೊಳ್ಳದ ಒರಟು ಉಣ್ಣೆಯೆಲ್ಲ ಮೂಟೆ ಮೂಟೆಯಾಗಿ ನಮ್ಮ ಅಂಗಳಕ್ಕೆ ಬಂದು ಬಿದ್ದಿದೆ. ಸಾಮೂಹಿಕ ಬೇಸಾಯದ ಕಾಲದಲ್ಲಿ ಉಣ್ಣೆ ಕೇಂದ್ರದ ತಕ್ಕಡಿ ಹಿಡಿದಿದ್ದವಳು ನಾನು. ತೂಕಕ್ಕೆಂದು ಕಲ್ಲು ತುರುಕಿ ತರುತ್ತಿದ್ದರು, ನೀರು ಚಿಮುಕಿಸಿ ತರುತ್ತಿದ್ದರು. ಮೊಣಕೈವರೆಗೆ ಕೈ ಹಾಕಿ ಕಲ್ಲು ಹೊರಗೆ ತೆಗೆದು ತಂದವನ ಅಂಗೈಯಲ್ಲೇ ಇಡುತ್ತಿದ್ದೆ. ಈ ಮೂಟೆಗಳಿಗೂ ಕೈ ಹಾಕಿ ನೋಡಿದೆ. ಕಲ್ಲು ಸಿಗಲಿಲ್ಲ. ಕಲ್ಲಿಲ್ಲದ ಮೂಟೆ ಕಂಡರೆ ನನಗೆ ಇನ್ನೂ ಅನುಮಾನ.

ಕಿರಿಯ ಮಗನಿಗೆ ಮನೆ. ಅದು ನಮ್ಮ ಪದ್ಧತಿ, ನಾನು ತಕರಾರು ತೆಗೆಯುವವಳಲ್ಲ. ಆದರೆ ಈ ಗೋಡೆಯ ಇಟ್ಟಿಗೆಗೆ ಮಣ್ಣು ತುಳಿದವಳು ನಾನು. ನಾನು ಬದುಕಿರುವವರೆಗೆ ಒಲೆ ನನ್ನದು. ನಿನ್ನ ಅಣ್ಣನ ನಗರದ ಫ್ಲಾಟಿನಲ್ಲಿ, ಆ ಮನೆ ಕಾಯಿಸುವ ಬಿಸಿನೀರಿನ ಕೊಳವೆಯ ಪಕ್ಕ ಕೂತು ಸಾಯುವ ಆಸೆ ನನಗಿಲ್ಲ. ಜಿಪಾರ್ ತಲೆಯಲ್ಲಿ ಏನಿದೆ, ನಿನಗೆ ಗೊತ್ತಿದ್ದರೆ ಈಗಲೇ ಬರೆ.

ಎರ್ಮೆಕ್‌ಗೆ ಎರಡು ಹಲ್ಲು ಬಂದಿದೆ. ನನ್ನ ಬೆರಳು ಕಚ್ಚುತ್ತಾನೆ. ಅವನೊಬ್ಬನ ಮೇಲೆ ನನಗೆ ಅನುಮಾನವಿಲ್ಲ.

ನಿನ್ನ ಹೆತ್ತವಳು,
ಊಲ್ಕಾನ್


ಹವಾಮಾನ ಠಾಣೆ
ಅಕ್ಟೋಬರ್ 19, 2003

ಅಮ್ಮಾ, ನಿಮಗೆ ನನ್ನ ಸಲಾಂ.

ಕಾಗದ ಓದಿದೆ. ಠಾಣೆಯಲ್ಲಿ ನಾನೂ ರೇಡಿಯೋ ನೋಡಿಕೊಳ್ಳುವ ಮುದುಕನೂ ಇಬ್ಬರೇ. ಅವನಿಗೂ ಓದಿ ಹೇಳಿದೆ. "ನಿಮ್ಮಮ್ಮನನ್ನ ಇಲ್ಲಿಗೆ ಕರಕೊಂಡು ಬಾ, ಹಿಮದ ಒಳಗೆ ಕೈ ಹಾಕಿ ಯಾರು ಕಲ್ಲು ಬಚ್ಚಿಟ್ಟಿದ್ದಾರೆ ಅಂತ ನೋಡ್ಲಿ" ಅಂದ. ಸಿಟ್ಟು ಮಾಡಿಕೊಳ್ಳಬೇಡಿ.

ಮನೆಯ ಕೆಲಸ ಮಾಡಿಸುತ್ತಿರುವುದು ಜಿಪಾರ್ ಅಲ್ಲ, ನಾನು. ನಾನೇ ಷಾರ್ಷೆನ್‌ಗೆ ಹೇಳಿ ಬಂದೆ. ನಿಮ್ಮ ಎದುರು ಹೇಳಿದ್ದರೆ ಬೇಡ ಎನ್ನುತ್ತಿದ್ದಿರಿ, ಆಮೇಲೆ ನನಗೆ ನಿಮ್ಮ ಮಾತು ಮೀರಲು ಆಗುತ್ತಿರಲಿಲ್ಲ. ಅದಕ್ಕೇ ಲಾರಿ ಹತ್ತುವವರೆಗೂ ಬಾಯಿ ಮುಚ್ಚಿಕೊಂಡಿದ್ದೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಹೋದ ಚಳಿಗಾಲ ನೆನಪಿದೆಯಲ್ಲ. ಫೆಬ್ರವರಿ ಮುಗಿಯುವ ಮೊದಲೇ ಕಲ್ಲಿದ್ದಲು ಮುಗಿಯಿತು, ಬೆರಣಿ ಮುಗಿಯಿತು, ಕೊಟ್ಟಿಗೆಯ ಬೇಲಿ ಕಿತ್ತು ಸುಟ್ಟೆವು. ಆಗ ತಾನೇ ಹುಟ್ಟಿದ್ದ ಎರ್ಮೆಕ್‌ನ ಕೆಮ್ಮು ಮೇ ತಿಂಗಳವರೆಗೆ ಹೋಗಲಿಲ್ಲ. ನಮ್ಮ ಒಲೆ ನಮ್ಮನ್ನು ಬಿಟ್ಟು ಹೊರಗಿನ ಬೆಟ್ಟವನ್ನೆಲ್ಲ ಕಾಯಿಸುತ್ತಿತ್ತು. ಇನ್ನೊಂದು ಚಳಿಗಾಲ ಹಾಗೆ ಕಳೆಯಲು ಆ ಮಗುವಿನ ಎದೆಗೆ ಶಕ್ತಿಯಿಲ್ಲ.

ಯಾರೂ ಮನೆ ಮಾರುವುದಿಲ್ಲ, ಪಾಲು ಮಾಡುವುದಿಲ್ಲ. ಒಲೆಯ ಪಕ್ಕದ ಹಾಸಿಗೆ ನಿಮ್ಮದೇ. ಕೆಲಸದ ವಿಷಯ ಉಳಿದದ್ದನ್ನೆಲ್ಲ ಜಿಪಾರ್ ಹೇಳುತ್ತಾಳೆ. ಅವಳನ್ನು ಕೇಳಿ.

ನಿಮ್ಮ ಮಗ,
ಮಿರ್ಲಾನ್


ತಾಷ್-ಕೊರೊ
ನವೆಂಬರ್ 16, 2003

ಮಿರ್ಲಾನ್,

ಜಿಪಾರ್ ಹೇಳುತ್ತಾಳೆ ಅಂತ ಬರೆದೆಯಲ್ಲ, ಅವಳು ಬಾಯಿ ಬಿಟ್ಟು ನನಗೆ ಏನು ಹೇಳುತ್ತಾಳೆ? ಈ ಮನೆಗೆ ಬಂದಾಗಿನಿಂದ ತಲೆ ತಗ್ಗಿಸಿ "ಹೂಂ" ಎನ್ನುವುದೊಂದೇ. ಒಳ್ಳೆಯ ಸೊಸೆಯ ಲಕ್ಷಣ ಅಂತ ಊರವರು ಹೊಗಳುತ್ತಾರೆ. ಹೂಂ ಎನ್ನುವವರ ಹೊಟ್ಟೆಯೊಳಗೆ ಏನಿದೆ ಎಂದು ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ.

ನಿಜ ಹೇಳಬೇಕು, ಮನೆ ಬೆಚ್ಚಗಾಗಿದೆ. ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆ ಕಟ್ಟುವುದಿಲ್ಲ. ಹಾಕಿಕೊಳ್ಳುತ್ತಿದ್ದ ಸ್ವೆಟರುಗಳಲ್ಲಿ ಒಂದನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟೆ. ಇದನ್ನು ಅವಳಿಗೆ ಹೇಳಿಲ್ಲ, ನೀನೂ ಹೇಳಬೇಡ.

ಆದರೆ ಕೇಳು. ಗೋಡೆಗೆಲ್ಲ ಉಣ್ಣೆ ತುಂಬಿ, ಕಿಟಕಿ ಬಾಗಿಲೆಲ್ಲ ಮುಚ್ಚಿ, ಇರುವೆ ನುಸುಳದ ಹಾಗೆ ಮಾಡಿ ಆದ ಮೇಲೆ, ಆ ಷಾರ್ಷೆನ್ ಒಲೆಯ ಹಿಂದಿನ ಗೋಡೆಗೆ ಮುಷ್ಟಿ ಗಾತ್ರದ ತೂತು ಕೊರೆದ. ಅದರಲ್ಲೊಂದು ತಗಡಿನ ಕೊಳವೆ ಕೂರಿಸಿದ. ಆಚೆಯಿಂದ ಗಾಳಿ ನೇರವಾಗಿ ಒಳಗೆ. ಎಲ್ಲಿಗೆ ಗೊತ್ತೇ? ನನ್ನ ಹಾಸಿಗೆಯ ಕಾಲಿನ ಕಡೆಗೆ. ಇಡೀ ಮನೆಗೆ ಉಣ್ಣೆ, ನನ್ನ ಪಾದಕ್ಕೆ ಹಿಮಗಾಳಿ.

ಏಕೆ ಅಂತ ಕೇಳಿದರೆ "ಒಲೆಗೂ ಉಸಿರು ಬೇಕಲ್ಲಮ್ಮಾ" ಅಂತ ಹಲ್ಲು ಕಿರಿದ. ನಿನ್ನಪ್ಪ ಕಟ್ಟಿದ ಒಲೆ ಮೂವತ್ತು ವರ್ಷ ತೂತಿಲ್ಲದೆ ಉಸಿರಾಡಿತು. ಇದು ಒಲೆಯ ಉಸಿರಲ್ಲ ಮಗನೇ, ಮುದುಕಿಯನ್ನು ಎಬ್ಬಿಸುವ ಉಪಾಯ. ಕಾಲು ಹೆಪ್ಪುಗಟ್ಟಿದರೆ ತಾನೇ ಎದ್ದು ದೊಡ್ಡ ಮಗನ ಮನೆಗೆ ಹೋಗುತ್ತಾಳೆ ಅಂತ.

ನಾನು ಸುಮ್ಮನಿರುವವಳೇ? ಹಳೆಯ ನಮದೆ ಕತ್ತರಿಸಿ, ಸುತ್ತಿ, ಹೊಲಿದು, ತೂತಿಗೆ ಸರಿಯಾಗಿ ಒಂದು ಬಿರಡೆ ಮಾಡಿದೆ. ಮಲಗುವಾಗ ಜಡಿದೆ. ಬೆಳಿಗ್ಗೆ ನೋಡಿದರೆ ಬಿರಡೆ ಕಲ್ಲಿದ್ದಲ ಬಕೆಟ್ಟಿನ ಮೇಲೆ! ಅವತ್ತು ಮತ್ತೆ ಜಡಿದೆ. ಮತ್ತೆ ಬಕೆಟ್ಟಿನ ಮೇಲೆ. ಈಗ ಇದೇ ನಮ್ಮಿಬ್ಬರ ಮಾತುಕತೆ.

ಇನ್ನೊಂದು. ಈಚೆಗೆ ನನಗೆ ಚಹಾದ ಬಟ್ಟಲು ತುಂಬಿಸಿ ಕೊಡುತ್ತಿದ್ದಾಳೆ. ಅಂಚಿನವರೆಗೆ. ಬೇಗ ಎದ್ದು ಹೋಗಲಿ ಎನ್ನುವ ಅತಿಥಿಗೆ ಹಾಗೆ ತುಂಬಿಸುತ್ತಾರೆ. ಬೇಕಾದವರಿಗೆ ಅರ್ಧರ್ಧ ಸುರಿದು ಮತ್ತೆ ಮತ್ತೆ ಕೇಳುತ್ತಾರೆ. ಇದು ನಿನ್ನ ಹೆಂಡತಿಗೆ ಗೊತ್ತಿಲ್ಲ ಎನ್ನಬೇಡ. ಅವಳ ತವರು ಕೊಚ್ಕೋರ್‌ನವರೇನು ಕಾಡಿನಲ್ಲಿ ಬೆಳೆದವರಲ್ಲ.

ಊಲ್ಕಾನ್


ತಾಷ್-ಕೊರೊ
ಡಿಸೆಂಬರ್ 5, 2003

ಎರ್ಮೆಕ್‌ನ ಅಪ್ಪನಿಗೆ,

ಕಣಿವೆಯಲ್ಲಿ ಹಿಮ ಕುಸಿದು ಲಾರಿ ಮೇಲೆ ಬರುತ್ತಿಲ್ಲವಂತೆ. ಆದರೂ ಬರೆದು ಡ್ರೈವರ್ ಕೈಗೆ ಕೊಡುತ್ತಿದ್ದೇನೆ. ದಾರಿ ತೆರೆದ ದಿನ ಮೊದಲು ಇದೇ ನಿಮಗೆ ಸಿಗಲಿ.

ಮನೆ ಚೆನ್ನಾಗಿ ಆಗಿದೆ. ಹೋದ ವರ್ಷ ಉರಿಸಿದ್ದರ ಅರ್ಧದಷ್ಟು ಕಲ್ಲಿದ್ದಲೂ ಬೇಕಾಗುತ್ತಿಲ್ಲ. ಎರ್ಮೆಕ್ ಈ ಚಳಿಗಾಲ ಒಮ್ಮೆಯೂ ಕೆಮ್ಮಿಲ್ಲ. ಬರೀ ಅಂಗಿಯಲ್ಲಿ ನೆಲದ ಮೇಲೆ ತೆವಳುತ್ತಾನೆ. ನೀವು ನೋಡಬೇಕಿತ್ತು.

ಗಾಳಿಯ ಕೊಳವೆ ಯಾವಾಗಲೂ ತೆರೆದಿರಬೇಕು ಅಂತ ಷಾರ್ಷೆನ್ ಅಣ್ಣ ನನಗೆ ಬಿಡಿಸಿ ಹೇಳಿದ್ದಾರೆ. ಮನೆಯಲ್ಲಿ ಈಗ ಒಂದು ಬಿರುಕೂ ಇಲ್ಲ, ಒಲೆಗೆ ಗಾಳಿ ಸಿಗದಿದ್ದರೆ ವಿಷಗಾಳಿ ಒಳಗೇ ನಿಲ್ಲುತ್ತದೆ ಅಂತ. ಅತ್ತೆ ದಿನಾ ಅದನ್ನು ಮುಚ್ಚುತ್ತಾರೆ, ನಾನು ದಿನಾ ತೆಗೆಯುತ್ತೇನೆ. ಕೆಂಡ ಇನ್ನೂ ನೀಲಿಯಾಗಿ ಉರಿಯುತ್ತಿರುವಾಗಲೇ ಶಾಖ ಉಳಿಯಲಿ ಎಂದು ಹೊಗೆಗೂಡು ಮುಚ್ಚುವ ತಟ್ಟೆಯನ್ನೂ ಎಳೆದುಬಿಡುತ್ತಾರೆ. ಅದನ್ನೂ ನಾನು ಸದ್ದಾಗದಂತೆ ಹಿಂದಕ್ಕೆ ತಳ್ಳುತ್ತೇನೆ.

ಹೇಳಲು ಪ್ರಯತ್ನಿಸಲಿಲ್ಲ ಎಂದುಕೊಳ್ಳಬೇಡಿ. ಅತ್ತೆ ಕೇಳುವ ಹಾಗೆ ಎರ್ಮೆಕ್‌ಗೆ ಹೇಳಿದೆ, "ನೋಡು ಮರಿ, ಅದು ಒಲೆಯ ಮೂಗು, ಮೂಗು ಮುಚ್ಚಬಾರದು" ಅಂತ. "ಮಗು ನೆಪ ಮಾಡಿ ನನ್ನನ್ನ ಆಡಿಕೊಳ್ತೀಯಾ?" ಅಂದರು. ಷಾರ್ಷೆನ್ ಅಣ್ಣನನ್ನು ಚಹಾಕ್ಕೆ ಕರೆದೆ. ಅವರು ಬಾಯಿ ತೆರೆಯುವ ಮೊದಲೇ ಅತ್ತೆ, "ನನ್ನ ಒಲೆ ವಿಷಯ ನನಗೇ ಪಾಠ ಹೇಳೋಕೆ ಬಂದ್ಯಾ?" ಅಂತ ಕಳಿಸಿಬಿಟ್ಟರು. ಇನ್ನು ನಾನು ಎದುರು ನಿಂತು ಹೇಳಿದರೆ ಅದು ಎದುರುತ್ತರ ಆಗುತ್ತದೆ. ನೀವು ಹೇಳಿದರೆ ಕೇಳುತ್ತಾರೆ. ದಯವಿಟ್ಟು ಎಲ್ಲವನ್ನೂ ಬಿಡಿಸಿ ಬರೆಯಿರಿ. ನಿಮ್ಮ ಅಮ್ಮನಿಗೆ ನೀವು ಹೇಳಬೇಕಾದದ್ದನ್ನು ನನಗೆ ಬಿಟ್ಟು ಹೋದಿರಿ.

ಜಿಪಾರ್


ತಾಷ್-ಕೊರೊ
ಡಿಸೆಂಬರ್ 29, 2003

ಮಿರ್ಲಾನ್,

ನನ್ನ ಹಿಂದಿನ ಕಾಗದ ಇನ್ನೂ ಡ್ರೈವರನ ಪೆಟ್ಟಿಗೆಯಲ್ಲೇ ಕೂತಿದೆಯಂತೆ. ಅದರ ಪಕ್ಕ ಜಿಪಾರ್ ಬರೆದದ್ದೂ ಒಂದಿದೆಯಂತೆ. ಏನು ಬರೆದಿದ್ದಾಳೋ. ಇದನ್ನೂ ಅವುಗಳ ಜೊತೆ ಹಾಕಿಸುತ್ತೇನೆ. ಎಲ್ಲವನ್ನೂ ಓದಿ ನೀನೇ ತೀರ್ಮಾನಿಸು.

ನನಗೆ ಹುಷಾರಿಲ್ಲ. ಬೆಳಿಗ್ಗೆ ಏಳುವಾಗ ಹಣೆಯ ಎರಡೂ ಕಡೆ ಯಾರೋ ಇಕ್ಕಳ ಹಾಕಿ ಒತ್ತಿದ ಹಾಗೆ. ವಾಕರಿಕೆ. ಕಾಲಿನಲ್ಲಿ ಬಲವಿಲ್ಲ. ವಿಚಿತ್ರ ಕೇಳು, ಪಕ್ಕದ ಮನೆಯ ಕಾಲಿಪಾಳ ಹತ್ತಿರ ಹೋಗಿ ಸ್ವಲ್ಪ ಹೊತ್ತು ಕೂತರೆ ಎಲ್ಲ ಇಳಿದುಹೋಗುತ್ತದೆ. ಮನೆಗೆ ಬಂದು ಜಿಪಾರ್ ಕೊಟ್ಟ ಚಹಾ ಕುಡಿದು ಕೂತರೆ ಮತ್ತೆ ಶುರು. ಕಾಲಿಪಾ ನನ್ನ ಕಣ್ಣೆವೆ ಬಿಡಿಸಿ ನೋಡಿ, ದನಿ ತಗ್ಗಿಸಿ, "ಕಾಯಿಲೆ ಒಲೆ ಹತ್ರ ಇಲ್ಲ ಊಲ್ಕಾನ್, ಕೊಡೋ ಕೈಯಲ್ಲಿದೆ" ಅಂದಳು. ಮನೆಗೆ ಬಂದು ದೇವದಾರು ಹೊಗೆ ಹಾಕಿ ಹೋದಳು. ಏನೂ ಗುಣವಾಗಲಿಲ್ಲ.

ಒಲೆಯ ಗಾಳಿ ಬಡಿದರೆ ಹೀಗಾಗುತ್ತದೆ ಎಂದು ನನಗೆ ಗೊತ್ತಿಲ್ಲವೆಂದಲ್ಲ. ಅದು ಬಡಿದರೆ ಹೊಗೆ ವಾಸನೆ ಇರುತ್ತದೆ, ಕಣ್ಣು ಉರಿಯುತ್ತದೆ. ಷಾರ್ಷೆನ್ ಸರಿಮಾಡಿದ ಮೇಲೆ ಈ ಒಲೆ ಒಂದು ಎಳೆ ಹೊಗೆ ಹೊರಗೆ ಬಿಡುವುದಿಲ್ಲ. ಹಾಗಾಗಿ ಅದಲ್ಲ. ಚಹಾ. ಅದರ ಬಣ್ಣ ಈಚೆಗೆ ಬೇರೆ ಇದೆ. ನಾನೀಗ ನನ್ನದೇ ಕೆಟಲ್ ಇಟ್ಟುಕೊಂಡಿದ್ದೇನೆ. ಅವಳು ಬಟ್ಟಲು ಮುಂದಿಟ್ಟರೆ ಪಕ್ಕಕ್ಕೆ ಸರಿಸಿ, ಅವಳು ಆಚೆ ಹೋದ ಮೇಲೆ ಬಕೆಟ್ಟಿಗೆ ಸುರಿಯುತ್ತೇನೆ. ಮೊನ್ನೆ ಸುರಿಯುವಾಗ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಕೇಳಲಿಲ್ಲ. ತಪ್ಪು ಮಾಡದವಳಾದರೆ ಏಕೆ ಅಂತ ಕೇಳಬೇಕಿತ್ತೋ ಬೇಡವೋ?

ಅವಳೂ ಮಧ್ಯಾಹ್ನದ ಹೊತ್ತು ತಲೆ ಹಿಡಿದುಕೊಂಡು ಕೂರುತ್ತಾಳೆ. ನನಗೆ ಅನುಮಾನ ಬಾರದಿರಲಿ ಎನ್ನುವ ನಾಟಕ. ಎರ್ಮೆಕ್ ಕೂಡ ಮಂಕಾಗಿದ್ದಾನೆ. ಆ ತುಂಟ ಈಗ ತೊಟ್ಟಿಲಿನಲ್ಲಿ ಅಳದೆ ಮಲಗಿರುತ್ತಾನೆ, ಹಾಲಿಗೂ ಬಾಯಿ ತೆರೆಯುವುದಿಲ್ಲ. ಮಗುವಿಗೂ ಏನೋ ಕುಡಿಸುತ್ತಿದ್ದಾಳೆ ಅಂತ ಬರೆಯಲು ಕೈ ಬರುವುದಿಲ್ಲ. ಆದರೂ ಬರೆದಿದ್ದೇನೆ.

ತೂತಿನ ಜಗಳ ಮಾತ್ರ ಮುಗಿಯಿತು. ಹೋದ ವಾರ ಬಿರಡೆಯ ಸುತ್ತ ಹಸಿ ಮಣ್ಣು ಮೆತ್ತಿ ಒಣಗಿಸಿ, ಅದರ ಮೇಲೆ ನನ್ನ ಮದುವೆಯ ಕಸೂತಿ ಪರದೆ ತೂಗುಹಾಕಿದೆ. ಗಾಳಿ ನೇರ ಬಡಿಯದಿರಲಿ ಎಂದು ಪರದೆ ಕಟ್ಟಿದ್ದೇನೆ, ತೂತು ತೆರೆದೇ ಇದೆ ಎಂದು ಅವಳು ತಿಳಿದಿದ್ದಾಳೆ. ಮುಖದಲ್ಲಿ ನಗು ಕೂಡ ಬಂತು. ಎಷ್ಟೋ ದಿನದ ಮೇಲೆ ನಕ್ಕಳು. ನಾನೂ ನಕ್ಕೆ.

ಇನ್ನು ಅವಳ ಕೈಯನ್ನು ಚಹಾದ ಪಾತ್ರೆಯಲ್ಲೇ ಹಿಡಿಯುವುದು ಬಾಕಿ. ಹಿಡಿಯುತ್ತೇನೆ.

ನಿನ್ನಮ್ಮ


ಹವಾಮಾನ ಠಾಣೆ
ಜನವರಿ 11, 2004

ಅಮ್ಮಾ, ಜಿಪಾರ್, ಈ ಕಾಗದ ಯಾರ ಕೈಗೆ ಮೊದಲು ಸಿಕ್ಕರೂ ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ. ಪರದೆ ಕಿತ್ತು ಹಾಕಿ ಆ ಬಿರಡೆ ಒಡೆದು ತೆಗೆಯಿರಿ. ಆಮೇಲೆ ಉಳಿದದ್ದನ್ನು ಓದಿ.

ದಾರಿ ನಿನ್ನೆ ತೆರೆಯಿತು. ಮೂರು ಕಾಗದವೂ ಒಟ್ಟಿಗೆ ಬಂದವು. ಅಮ್ಮಾ, ನಿಮ್ಮ ತಲೆನೋವು ಚಹಾದಿಂದಲ್ಲ. ಒಲೆಯಿಂದ. ಈ ಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣು ಉರಿಯುವುದಿಲ್ಲ. ಕಾಲಿಪಾಳ ಮನೆಯಲ್ಲಿ ನಿಮಗೆ ಗುಣವಾಗುವುದು ಅವಳ ಮನೆಯ ತುಂಬ ಬಿರುಕು ಇರುವುದರಿಂದ. ಅಪ್ಪನ ಕಾಲದ ಒಲೆ ತೂತಿಲ್ಲದೆ ಉಸಿರಾಡಿತು ಅಂದಿರಲ್ಲ, ಆಗ ಇಡೀ ಮನೆಯೇ ತೂತಾಗಿತ್ತು. ಅದನ್ನೆಲ್ಲ ಮುಚ್ಚಿ, ಒಂದನ್ನು ಮಾತ್ರ ಉಳಿಸಿದ್ದೆವು.

ಇದನ್ನು ಅಕ್ಟೋಬರಿನಲ್ಲೇ ಬರೆಯಬಹುದಿತ್ತು. ಜಿಪಾರ್ ಹೇಳುತ್ತಾಳೆ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಂಡೆ. ನಿಮಗೆ ಎದುರು ಹೇಳಲು ನನಗೇ ಧೈರ್ಯವಿಲ್ಲದಿರುವಾಗ ಅವಳಿಗೆ ಎಲ್ಲಿಂದ ಬರಬೇಕಿತ್ತು?

ರೇಡಿಯೋದಲ್ಲಿ ಹವೆಯ ಅಂಕಿಗಳನ್ನು ಬಿಟ್ಟು ಬೇರೆ ಮಾತಾಡಬಾರದು. ಮುದುಕನ ಕಾಲು ಹಿಡಿದೆ. ಅಂಕಿಗಳ ಕೊನೆಗೆ ನಮ್ಮ ಊರಿನ ಹೆಸರು ಸೇರಿಸಿ ಒಂದು ಸಾಲು ಕಳಿಸಿದ್ದಾನೆ. ಆ ಕಡೆಯವನು ಕೇಳಿಸಿಕೊಂಡನೋ ಇಲ್ಲವೋ ತಿಳಿಯದು. ಲಾರಿ ಈಗ ಇಳಿಯುತ್ತಿದೆ.

ದೇವರೇ, ತಡವಾಗಿರದಿರಲಿ.

ಮಿರ್ಲಾನ್


ತಾಷ್-ಕೊರೊ
ಜನವರಿ 24, 2004

ಮಗನೇ,

ಮೊದಲು ಇದನ್ನು ಓದು. ಎರ್ಮೆಕ್ ಬದುಕಿದ್ದಾನೆ. ಜಿಪಾರ್ ಬದುಕಿದ್ದಾಳೆ. ಈಗ ಉಳಿದದ್ದನ್ನು ಹೇಳುತ್ತೇನೆ, ಕೂತು ಓದು.

ನೀನು ಆ ಕಾಗದ ಬರೆದ ದಿನವೇ ಇದು ನಡೆದದ್ದು. ಕಾಲಿಪಾಳ ಮನೆಯಲ್ಲಿ ಕುರಿ ಕಡಿದು ಊಟ ಇಟ್ಟಿದ್ದರು. ಸಂಜೆಗೇ ಬರುವುದು ಎಂದು ಜಿಪಾರ್‌ಗೆ ಹೇಳಿದೆ. ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ಒಲೆಗೆ ಕಲ್ಲಿದ್ದಲು ತುಂಬಿ, ಸುಮ್ಮನೆ ಉರಿದು ಹೋಗದಿರಲಿ ಎಂದು ಹೊಗೆಗೂಡಿನ ತಟ್ಟೆಯನ್ನು ಪೂರ್ತಿ ಎಳೆದು ಹೊರಟೆ. ಸಂಜೆಗೆ ಬರುವುದು ಎಂದದ್ದು ಸುಳ್ಳು. ಮಧ್ಯಾಹ್ನಕ್ಕೇ ಕಳ್ಳಹೆಜ್ಜೆಯಲ್ಲಿ ಬಂದು, ಚಹಾಕ್ಕೆ ಏನು ಬೆರೆಸುತ್ತಾಳೆ ಎಂದು ಕಣ್ಣಾರೆ ನೋಡುವುದು ನನ್ನ ಲೆಕ್ಕ.

ಬಂದೆ. ಕಿಟಕಿಯ ಎರಡು ಪದರಕ್ಕೆ ಮುಖ ಒತ್ತಿ ನೋಡಿದೆ. ತೊಟ್ಟಿಲಿನ ಪಕ್ಕ ನೆಲದ ಮೇಲೆ ಬಿದ್ದುಕೊಂಡಿದ್ದಳು, ಒಂದು ಕೈ ತೊಟ್ಟಿಲ ಮೇಲೆ. ಅತ್ತೆ ಆಚೆ ಹೋದ ತಕ್ಷಣ ಬಿದ್ದುಕೊಂಡಿದ್ದಾಳೆ ಸೋಮಾರಿ ಎಂದುಕೊಂಡೆ. ಒಲೆಯ ಮೇಲೆ ಹಾಲು ಉಕ್ಕಿತು. ಉಕ್ಕಿ ಸುರಿಯಿತು. ಅವಳು ಏಳಲಿಲ್ಲ. ಎಂಥ ಸೋಮಾರಿಯೂ ಹಾಲು ಉಕ್ಕುವುದನ್ನು ನೋಡುತ್ತ ಮಲಗುವುದಿಲ್ಲ ಮಿರ್ಲಾನ್.

ಬಾಗಿಲು ಎಳೆದು ಒಳಗೆ ಹೋದೆ. ತೊಟ್ಟಿಲನ್ನೇ ಎತ್ತಿ ಹಿಮದ ಮೇಲೆ ಇಟ್ಟೆ. ಆಮೇಲೆ ಅವಳ ಕಂಕುಳಿಗೆ ಕೈ ಹಾಕಿ ಹೊಸ್ತಿಲು ದಾಟಿಸಿದೆ. ಎರ್ಮೆಕ್‌ನ ಕೆನ್ನೆ ಕೆಂಪಗಿತ್ತು, ಚೆನ್ನಾಗಿ ಹಾಲು ಕುಡಿದು ಮಲಗಿದವನ ಹಾಗೆ. ಹಿಮ ತೆಗೆದು ಅವನ ಮುಖಕ್ಕೆ ಉಜ್ಜಿದೆ, ಬೈದೆ, ಬೇಡಿಕೊಂಡೆ. ಕೊನೆಗೆ ಅತ್ತ. ನನ್ನ ಕೂಗಿಗೆ ಊಟಕ್ಕೆ ಕೂತವರೆಲ್ಲ ಓಡಿ ಬಂದರು. ಷಾರ್ಷೆನ್ ತನ್ನ ಗಾಡಿಯಲ್ಲಿ ಇಬ್ಬರನ್ನೂ ಜಿಲ್ಲಾ ಆಸ್ಪತ್ರೆಗೆ ಒಯ್ದ.

ಹೋಗುವ ಮೊದಲು ಅವನು ಒಳಗೆ ಹೋಗಿ ಪರದೆ ಸರಿಸಿ ನೋಡಿದ. ಚಾಕುವಿನಿಂದ ಮಣ್ಣು ಕಿತ್ತು ಬಿರಡೆ ಹೊರತೆಗೆದ. ನನ್ನ ಹೊಲಿಗೆ ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ತಂದು ನನ್ನ ಅಂಗೈಯಲ್ಲಿಟ್ಟ.

ಇದಕ್ಕಿಂತ ಕೆಟ್ಟದ್ದು ಆಸ್ಪತ್ರೆಯಲ್ಲಿ ನಡೆಯಿತು. ಜಿಪಾರ್‌ಗೆ ಪ್ರಜ್ಞೆ ಬಂದ ಮೇಲೆ, ಗಾಳಿಯ ತೂತು ಮುಚ್ಚಿದ್ದು ಯಾರು ಎಂದು ಡಾಕ್ಟರು ಕೇಳಿದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಅವಳು ನನ್ನ ಕಡೆ ನೋಡದೆ, "ನಾನೇ ಮುಚ್ಚಿದೆ, ಮಗೂಗೆ ಚಳಿ ಆಗುತ್ತೆ ಅಂತ" ಅಂದಳು. ಡಾಕ್ಟರು ಅವಳನ್ನು ಬಾಯಿಗೆ ಬಂದ ಹಾಗೆ ಬೈದರು. ತಾಯಿಯೋ ರಾಕ್ಷಸಿಯೋ ಎಂದರು. ನಾನು ಬಾಯಿ ಬಿಡಲಿಲ್ಲ. ನಿಂತು ಕೇಳಿದೆ.

ಮನೆಗೆ ಬಂದು ಯೋಚಿಸಿದೆ. ಏಕೆ ಹಾಗೆ ಹೇಳಿದಳು? ನನ್ನನ್ನು ಋಣದಲ್ಲಿ ಕೆಡವಲು? ನಿನ್ನ ಮುಂದೆ ಒಳ್ಳೆಯವಳಾಗಲು? ಮೂಟೆಗೆ ಕೈ ಹಾಕಿದ ಹಾಗೆ ಹಾಕಿ ಮೊಣಕೈವರೆಗೆ ತಡಕಾಡಿದೆ. ಕಲ್ಲು ಸಿಗಲಿಲ್ಲ.

ಎರಡು ದಿನ ಬಿಟ್ಟು ಗ್ರಾಮ ಕಚೇರಿಯ ಗುಮಾಸ್ತ ಟೋಪಿ ತೆಗೆದು ಅಂಗಳದಲ್ಲಿ ನಿಂತು, "ಹವಾಮಾನ ಕಚೇರಿಯಿಂದ ಬಂದಿದೆ. ಊಲ್ಕಾನ್ ಮನೆಯ ತೂತು ತೆಗೆಯಬೇಕು" ಎಂದು ಗಂಭೀರವಾಗಿ ಓದಿದ. ಇನ್ನು ಎಷ್ಟು ಹಿಮ ಬೀಳುತ್ತದೆ ಅಂತಲೂ ಓದಿದ. ನಗು ಬಂತು. ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಅವಳ ಅಣ್ಣ ಬಂದು ಇಬ್ಬರನ್ನೂ ಆಸ್ಪತ್ರೆಯಿಂದ ನೇರ ಕೊಚ್ಕೋರ್‌ಗೆ ಕರೆದುಕೊಂಡು ಹೋದ. ತವರಿಗೆ ಹೋದ ಸೊಸೆ ಎಂದು ಬರುತ್ತಾಳೋ ಹೇಳುವಂತಿಲ್ಲ. ಮನೆ ಬೆಚ್ಚಗಿದೆ ಮಗನೇ. ಒಬ್ಬಳಿಗೆ ಇಷ್ಟು ಬಿಸಿ ಬೇಕಾಗಿರಲಿಲ್ಲ.

ಅಮ್ಮ


ಕೊಚ್ಕೋರ್
ಫೆಬ್ರವರಿ 8, 2004

ಅತ್ತೆಯವರಿಗೆ,

ಎದುರು ನಿಂತಿದ್ದರೆ ಇದನ್ನು ಹೇಳಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಕಾಗದದಲ್ಲಿ ನಿಮ್ಮ ಮುಖ ಕಾಣುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎರ್ಮೆಕ್ ಹುಷಾರಾಗಿದ್ದಾನೆ. ಗೋಡೆ ಹಿಡಿದು ನಿಲ್ಲುತ್ತಾನೆ. ಡಾಕ್ಟರು ಇನ್ನು ಹೆದರಬೇಕಾಗಿಲ್ಲ ಎಂದಿದ್ದಾರೆ.

ತೂತು ಮುಚ್ಚಿದ್ದಕ್ಕೆ ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ನಿಮಗೆ ಯಾರೂ ಸರಿಯಾಗಿ ಹೇಳಲಿಲ್ಲ. ನಾನೂ ಹೇಳಲಿಲ್ಲ. ಮಗುವಿನ ಪ್ರಾಣಕ್ಕಿಂತ ಒಳ್ಳೆಯ ಸೊಸೆ ಎನ್ನುವ ಹೆಸರು ನನಗೆ ದೊಡ್ಡದಾಯಿತು. ಅದಕ್ಕೇ ಡಾಕ್ಟರ ಮುಂದೆ ನಾನೇ ಮುಚ್ಚಿದೆ ಎಂದೆ. ಅದು ಪೂರ್ತಿ ಸುಳ್ಳಾಗಿರಲಿಲ್ಲ.

ನನಗೆ ಸಿಟ್ಟಿರುವುದು ಚಹಾದ ಮೇಲೆ. ಕಾಲಿಪಾ ಅಕ್ಕ ಆಸ್ಪತ್ರೆಗೆ ಬಂದು ಎಲ್ಲ ಹೇಳಿ ಹೋದರು. ನೀವು ಬಟ್ಟಲು ಬಕೆಟ್ಟಿಗೆ ಸುರಿಯುವುದನ್ನು ನೋಡಿದ್ದೆ, ರುಚಿಯಿಲ್ಲ ಎಂದುಕೊಂಡಿದ್ದೆ. ನಾನು ವಿಷ ಹಾಕುತ್ತೇನೆಂದು ಸುರಿದಿರಿ ಎಂದು ಗೊತ್ತಿರಲಿಲ್ಲ. ರಾತ್ರಿ ಗಂಟಲು ಒಣಗುತ್ತದೆ ಎಂದು ನೀವು ನರಳುತ್ತಿದ್ದಿರಿ. ಅದಕ್ಕೆ ಬಟ್ಟಲು ತುಂಬಿಸಿ ಕೊಟ್ಟೆ. ಎದ್ದು ಹೋಗಿ ಎನ್ನಲು ಅಲ್ಲ.

ಬೆಚ್ಚಗಿನ ಮನೆಯಿದೆ, ಬಾ ಎಂದು ಎರ್ಮೆಕ್‌ನ ಅಪ್ಪ ಬರೆಯುತ್ತಾರೆ. ನನ್ನ ಕೈಯ ಚಹಾ ಕುಡಿಯಲು ಹೆದರುವವರಿರುವ ಮನೆಗೆ ನಾನು ಹೇಗೆ ಬರಲಿ, ನೀವೇ ಹೇಳಿ.

ಜಿಪಾರ್


ತಾಷ್-ಕೊರೊ
ಫೆಬ್ರವರಿ 15, 2004

ಜಿಪಾರ್,

ನಿನಗೆ ನಾನು ಕಾಗದ ಬರೆಯುವುದು ಇದೇ ಮೊದಲು. ಒಂದೇ ಮನೆಯಲ್ಲಿದ್ದೆವು, ಬರೆಯಬೇಕಾಗಿ ಬರಲಿಲ್ಲ. ಮಾತಾಡಬಹುದಿತ್ತು, ಅದನ್ನೂ ಮಾಡಲಿಲ್ಲ.

ನಿನ್ನೆ ಜಿಲ್ಲಾ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ನನ್ನನ್ನು ಮರೆತಿದ್ದರು, ನೆನಪಿಸಿದೆ. "ತೂತು ಮುಚ್ಚಿದ್ದು ನಾನು, ತಟ್ಟೆ ಎಳೆದದ್ದೂ ನಾನೇ, ಅವತ್ತು ಬೈದದ್ದನ್ನ ಈಗ ನನಗೆ ಬೈಯಿರಿ" ಅಂದೆ. ಅವರು ಬೈಯಲಿಲ್ಲ, ಕುರ್ಚಿ ಕೊಟ್ಟರು. ಅದು ಇನ್ನೂ ಕಷ್ಟವಾಯಿತು. ಬರುವಾಗ ಕಾಲಿಪಾಳ ಅಂಗಳದಲ್ಲಿ ನಿಂತು, ಹೆಂಗಸರೆಲ್ಲ ಕೇಳುವ ಹಾಗೆ ಅದನ್ನೇ ಹೇಳಿದೆ. ಚಹಾದ ವಿಷಯವನ್ನೂ ಹೇಳಿದೆ. ಕಾಲಿಪಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಮನೆಗೆ ಬಿರುಕು ಬೇಕಾದಷ್ಟಿದೆ, ಏನೂ ಆಗುವುದಿಲ್ಲ.

ತೂತು ತೆರೆದಿದೆ. ಹಾಸಿಗೆ ಆಚೆ ಎಳೆದುಕೊಂಡಿದ್ದೇನೆ, ಕಾಲಿಗೆ ಗಾಳಿ ಬಡಿಯುವುದಿಲ್ಲ. ಹಾಸಿಗೆ ಸರಿಸಿದ್ದರೆ ಸಾಕಾಗಿತ್ತು ಎಂದು ಈಗ ಹೊಳೆಯುತ್ತಿದೆ. ಕೆಂಡ ಪೂರ್ತಿ ಕಪ್ಪಾಗುವವರೆಗೆ ತಟ್ಟೆ ಮುಟ್ಟುವುದಿಲ್ಲ. ಬಿರಡೆಯನ್ನು ಒಲೆಗೆ ಹಾಕಲು ಹೋದೆ, ಆಮೇಲೆ ಬೇಡವೆನಿಸಿತು. ಅದು ನಿನ್ನ ಕೈಗೆ ಸೇರಬೇಕಾದದ್ದು, ಬರುವಾಗ ತರುತ್ತೇನೆ. ಯಾರಿಗೆ ಬೇಕಾದರೂ ತೋರಿಸು.

ಗುರುವಾರದ ಬಸ್ಸಿಗೆ ಕೊಚ್ಕೋರ್‌ಗೆ ಬರುತ್ತಿದ್ದೇನೆ. ಸೊಸೆಯ ತವರಿಗೆ ಅತ್ತೆ ತಾನಾಗಿ ಹೋಗುವುದೇ ಎಂದು ಊರಿನವರು ನಗುತ್ತಿದ್ದಾರೆ. ನಗಲಿ. ನಿನ್ನನ್ನು ಎಳೆದುಕೊಂಡು ಬರಲು ಬರುತ್ತಿಲ್ಲ. ಬರುವುದು ಬಿಡುವುದು ನಿನಗೆ ಸೇರಿದ್ದು. ನನ್ನ ಕೆಟಲ್ ಇಲ್ಲೇ ಬಿಟ್ಟು ಬರುತ್ತೇನೆ. ನಿಮ್ಮಮ್ಮನ ಎದುರು, ನಿನ್ನ ಅಣ್ಣನ ಎದುರು ನಿನ್ನ ಕೈಯಿಂದ ಚಹಾ ಕುಡಿಯಬೇಕು. ಅದಕ್ಕೆ ಏನು ಹಾಕಿದ್ದೀಯ ಎಂದು ಕೇಳುವುದಿಲ್ಲ. ಉಪ್ಪು ಮಾತ್ರ ನೀನು ಯಾವಾಗಲೂ ಕಡಿಮೆ ಹಾಕುತ್ತೀಯ, ಅದನ್ನು ನೋಡಿಕೋ.

ಬಟ್ಟಲು ತುಂಬಿಸಬೇಡ ಮಗಳೇ. ಅರ್ಧ ಸುರಿ. ಕುಡಿದಾದ ಮೇಲೆ ಮತ್ತೆ ಮುಂದೆ ಚಾಚುತ್ತೇನೆ.

ನಿನ್ನ ಅತ್ತೆ,
ಊಲ್ಕಾನ್